ವೈ-ಫೈ ಹೆಸರು ಬೇರೆ ಆದರೆ ನೆಟ್‌ವರ್ಕ್ ಬೇರೆ ಆಗುವುದಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಮನೆಗೆ ಬಂದಿರುವ ಫೈಬರ್ ಒಂದು, ಬಳಸುವ ಸಂಸಾರ ಎರಡೋ ಮೂರೋ, ಬೇರೆ ಬೇರೆ ಮಾಡುವುದು ಹೇಗೆ? ಹಿಂದೆಯೂ ಹೇಳಿದ್ದೇನೆ. ಆದರೂ ಕೇಬಲ್ ಎಳೆಯಲು ಬಂದವರು ಐದು ನಿಮಿಷದಲ್ಲಿ ಏನು ಮಾಡಿ ಹೋದರೋ ಅದನ್ನೇ ಸರಿ ಅಂದುಕೊಂಡು ವರ್ಷಗಟ್ಟಲೆ ಬಿಟ್ಟಿರುತ್ತಾರೆ. ಅದರಿಂದ ಆಗುವ ತೊಂದರೆ ಸಣ್ಣದಲ್ಲ, ಹಾಗಾಗಿ ಮತ್ತೆ ಬರೆಯುತ್ತಿದ್ದೇನೆ. ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆಯುವುದು ಹೇಗೆ, ಪಾಸ್‌ವರ್ಡ್ ಬದಲಿಸುವುದು ಎಲ್ಲಿ ಅಂತ ಇಲ್ಲಿ ಹೇಳುವುದಿಲ್ಲ. ಬಾಕ್ಸಿನ ಅಡಿಯಲ್ಲಿ ಚೀಟಿ ಅಂಟಿಸಿರುತ್ತಾರೆ, ಓದಿಕೊಳ್ಳಿ.

ಪ್ರಶ್ನೆ: ದಾವಣಗೆರೆಯಿಂದ. ಫೈಬರ್ ಸ್ಪ್ಲಿಟರ್ ಅಂತ ಇನ್ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಹಾಕಿ ಒಂದೇ ಫೈಬರ್‌ನಿಂದ ಎರಡು ಬಾಕ್ಸ್ ನಡೆಸಬಹುದಾ?

ಆಗುವುದಿಲ್ಲ. ನಿಮ್ಮ ಫೈಬರ್ ಬಾಕ್ಸಿನ ಸೀರಿಯಲ್ ನಂಬರ್ ಕಂಪನಿಯವರ ಕಡೆ ನೋಂದಣಿ ಆಗಿರುತ್ತದೆ, ನೋಂದಣಿ ಇಲ್ಲದ ಎರಡನೇ ಬಾಕ್ಸಿಗೆ ಇಂಟರ್ನೆಟ್ ಬರುವುದಿಲ್ಲ. ಬೆಳಕು ಮಾತ್ರ ಎರಡು ಪಾಲಾಗಿ ಇದ್ದ ಒಂದರ ಸಿಗ್ನಲ್ ಕೂಡ ಇಳಿಯುತ್ತದೆ. ಇನ್ನೂರು ರೂಪಾಯಿ ಉಳಿಸಿಕೊಳ್ಳಿ.

ಪ್ರಶ್ನೆ: ಮೈಸೂರಿನಿಂದ. ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. 200 ಎಂಬಿಪಿಎಸ್ ಫೈಬರ್ ಇದೆ. ನಮ್ಮ ಬಾಕ್ಸಿನಿಂದ ಒಂದು ವೈರ್ ಎಳೆದು ಮೇಲೆ ಇನ್ನೊಂದು ರೂಟರ್ ಇಟ್ಟಿದ್ದೇವೆ. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಈಗ ಎರಡೂ ಪೂರ್ತಿ ಬೇರೆ ಆದಂತೆ ಅಲ್ವಾ?

ಅಲ್ಲ. ಮೊದಲು ಮೇಲೆ ಹೋಗಿ ಆ ವೈರ್ ರೂಟರ್‌ನ ಯಾವ ಪೋರ್ಟಿಗೆ ಸಿಕ್ಕಿಸಿದೆ ನೋಡಿ. ಲ್ಯಾನ್ (ಮನೆಯೊಳಗಿನ ಸಾಧನಗಳಿಗೆ) ಅಂತ ಬರೆದ ಪೋರ್ಟಿಗೆ ಸಿಕ್ಕಿಸಿದ್ದರೆ ಎರಡು ಮನೆಯೂ ಒಂದೇ ನೆಟ್‌ವರ್ಕ್. ಹೆಸರು, ಪಾಸ್‌ವರ್ಡ್ ಎಷ್ಟೇ ಬೇರೆ ಇದ್ದರೂ ಅಷ್ಟೇ. ಒಂದೇ ಮನೆಗೆ ಎರಡು ಬಾಗಿಲಿಟ್ಟು ಎರಡಕ್ಕೂ ಬೇರೆ ಬೀಗ ಹಾಕಿದ ಹಾಗೆ. ಒಳಗೆ ಬಂದವರೆಲ್ಲ ಒಂದೇ ನಡುಮನೆಗೆ ಬರುತ್ತಾರೆ.

ವ್ಯಾನ್, ಅಂದರೆ ಹೊರಗಿನಿಂದ ಇಂಟರ್ನೆಟ್ ಬರುವ ಪೋರ್ಟಿಗೆ ಸಿಕ್ಕಿಸಿದ್ದರೆ ಅರ್ಧ ಕೆಲಸ ಆಗಿದೆ. ಆದರೆ ತಪ್ಪಾದ ಅರ್ಧ, ಇದನ್ನೇ ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ರೂಟರ್ ಒಳಗಿನಿಂದ ಹೊರಗೆ ಹೋಗುವುದನ್ನು ತಡೆಯುವುದಿಲ್ಲ, ಹೊರಗಿನಿಂದ ತಾನಾಗಿ ಒಳಗೆ ಬರುವುದನ್ನು ಮಾತ್ರ ತಡೆಯುತ್ತದೆ. ಮೇಲಿನ ಮನೆಯ ರೂಟರ್‌ಗೆ "ಒಳಗೆ" ಅಂದರೆ ಬಾಡಿಗೆಯವರು. "ಹೊರಗೆ" ಅಂದರೆ ಇಂಟರ್ನೆಟ್ ಮಾತ್ರ ಅಲ್ಲ, ನಿಮ್ಮ ಇಡೀ ಮನೆಯೂ ಅದರ ಪಾಲಿಗೆ ಹೊರಗೇ. ಅವರು ಕೋಣೆಯೊಳಗಿದ್ದಾರೆ, ಚಿಲಕ ಕೋಣೆಯ ಒಳಗಡೆ ಇದೆ, ನೀವು ನಡುಮನೆಯಲ್ಲಿ ಇದ್ದೀರಿ. ನೀವು ಅವರ ಕೋಣೆಗೆ ಹೋಗಲಾರಿರಿ. ಅವರು ಯಾವಾಗ ಬೇಕಾದರೂ ಚಿಲಕ ತೆಗೆದು ನಡುಮನೆಗೆ ಬರಬಹುದು.

ಕಳೆದ ಜನವರಿಯಲ್ಲಿ ಇಂಥದೇ ಒಂದು ಮನೆಗೆ ಹೋಗಿದ್ದೆ. ಯಜಮಾನರೇ "ಒಂದ್ಸಲ ನೋಡಿಬಿಡಿ" ಅಂತ ಕರೆದಿದ್ದರು. ಮೇಲಿನ ಮನೆಯ ಹಾಲ್‌ನಲ್ಲಿ ಕೂತು, ಅಲ್ಲಿನ ವೈ-ಫೈಗೆ ನನ್ನ ಫೋನ್ ಸೇರಿಸಿ, ಬ್ರೌಸರ್‌ನಲ್ಲಿ 192.168.1.108 ಅಂತ ಟೈಪ್ ಮಾಡಿದೆ. ಕ್ಯಾಮೆರಾ ಚಿತ್ರ ದಾಖಲಿಸುವ ಎಷ್ಟೋ ಡಿವಿಆರ್ ಪೆಟ್ಟಿಗೆಗಳು ಕಾರ್ಖಾನೆಯಿಂದ ಬರುವುದೇ ಆ ವಿಳಾಸದಲ್ಲಿ. ಲಾಗಿನ್ ಪುಟ ಬಂತು. ಹೆಸರು ಅಡ್ಮಿನ್, ಪಾಸ್‌ವರ್ಡ್ ಅಡ್ಮಿನ್123. ಕೆಳಗೆ ಹಿತ್ತಲಿನಲ್ಲಿ ಅವರ ತಾಯಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಬೀಳುವುದೂ ನನ್ನ ಫೋನಿನಲ್ಲಿ ಕಾಣುತ್ತಿತ್ತು. ಯಜಮಾನರು ಮಾತೇ ಆಡಲಿಲ್ಲ. ಬಾಡಿಗೆಯವರು ಒಳ್ಳೆಯವರು, ಯಾವತ್ತೂ ನೋಡಿರಲಿಕ್ಕಿಲ್ಲ. ಆದರೆ ಎರಡು ವರ್ಷದಿಂದ ನೋಡಬಹುದಾಗಿತ್ತು. ಅವರ ಮನೆಗೆ ಬಂದು ವೈ-ಫೈ ಪಾಸ್‌ವರ್ಡ್ ಕೇಳಿದ ಪ್ರತಿಯೊಬ್ಬರೂ ನೋಡಬಹುದಾಗಿತ್ತು.

ಹಾಗಾದರೆ ಸರಿಯಾದ ದಾರಿ ಏನು? ಎರಡು ರೂಟರ್ ಬೇಕು, ಒಂದು ನಿಮಗೆ, ಒಂದು ಅವರಿಗೆ. ಕಂಪನಿಯ ಫೈಬರ್ ಬಾಕ್ಸ್ ಇಬ್ಬರಿಗೂ ಸೇರಿದ ಜಗಲಿ. ಜಗಲಿಯಲ್ಲಿ ಯಾರೂ ವಾಸ ಮಾಡುವುದಿಲ್ಲ. ಬಾಕ್ಸಿನ ವೈ-ಫೈ ಪೂರ್ತಿ ಆಫ್ ಮಾಡಿ. ಅದರ ಒಂದು ಲ್ಯಾನ್ ಪೋರ್ಟಿನಿಂದ ನಿಮ್ಮ ರೂಟರ್‌ನ ವ್ಯಾನ್‌ಗೆ ಒಂದು ವೈರ್, ಇನ್ನೊಂದು ಲ್ಯಾನ್ ಪೋರ್ಟಿನಿಂದ ಅವರ ರೂಟರ್‌ನ ವ್ಯಾನ್‌ಗೆ ಇನ್ನೊಂದು. ಈಗ ಎರಡು ಮನೆಗೂ ಒಳಗಡೆ ಚಿಲಕ ಇದೆ. ಇಬ್ಬರೂ ಜಗಲಿಗೆ ಬಂದು ಬೀದಿಗೆ ಹೋಗುತ್ತಾರೆ, ಒಬ್ಬರ ಮನೆಗೆ ಇನ್ನೊಬ್ಬರು ಹೋಗಲಾರರು. ನಿಮ್ಮ ಹತ್ತಿರ ಮೇಲಿನ ರೂಟರ್ ಈಗಾಗಲೇ ಇದೆ. ಹೊಸದಾಗಿ ಬೇಕಾಗಿರುವುದು ಕೆಳಗಿನ ಮನೆಗೆ ಒಂದು ರೂಟರ್, ಅಷ್ಟೇ.

ಮೂರು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಮೊದಲನೆಯದು ವಿಳಾಸ. ಬಾಕ್ಸ್ 192.168.1.1ರಲ್ಲಿದ್ದು ನಿಮ್ಮ ರೂಟರ್ ಕೂಡ ಅದೇ ವಿಳಾಸದಲ್ಲಿದ್ದರೆ ಇಂಟರ್ನೆಟ್ ಬರುವುದೇ ಇಲ್ಲ, ಬಂದರೂ ನಿಲ್ಲುವುದಿಲ್ಲ. ನಿಮ್ಮ ರೂಟರ್‌ಗೆ 192.168.10.1, ಅವರದಕ್ಕೆ 192.168.20.1 ಕೊಡಿ. ಎರಡನೆಯದು ಜಗಲಿಯಲ್ಲಿ ಸಾಮಾನು ಬಿಡುವುದು. ಕ್ಯಾಮೆರಾ ಹಾಕುವವರು ಡಿವಿಆರ್ ವೈರನ್ನು ಹತ್ತಿರ ಸಿಕ್ಕಿದ ಫೈಬರ್ ಬಾಕ್ಸಿಗೇ ಚುಚ್ಚಿ ಹೋಗುತ್ತಾರೆ, ಆಗ ಅದು ಎರಡೂ ಮನೆಗೆ ಕಾಣುತ್ತದೆ. ಡಿವಿಆರ್, ಪ್ರಿಂಟರ್, ಟಿವಿ ಎಲ್ಲವೂ ನಿಮ್ಮ ರೂಟರ್‌ನ ಹಿಂದೆಯೇ ಇರಬೇಕು. ಬಾಕ್ಸಿನ ಲಾಗಿನ್ ಪುಟವನ್ನು ಇಬ್ಬರೂ ತೆರೆಯಬಹುದಾದ್ದರಿಂದ ಅದರ ಪಾಸ್‌ವರ್ಡ್ ಬದಲಿಸಲೇಬೇಕು.

ಮೂರನೆಯದು ಐಪಿವಿ6 (ಹೊಸ ಬಗೆಯ ಇಂಟರ್ನೆಟ್ ವಿಳಾಸ, 192.168ರಂಥ ಹಳೆಯ ಬಗೆ ಐಪಿವಿ4), ಇದನ್ನು ಕಸುಬಿನವರೂ ಮರೆಯುತ್ತಾರೆ. ಕೆಲವು ರೂಟರ್‌ಗಳಲ್ಲಿ ಐಪಿವಿ6ಗೆ ಪಾಸ್-ಥ್ರೂ ಎಂಬ ಆಯ್ಕೆ ಇರುತ್ತದೆ. ಅದು ಆನ್ ಇದ್ದರೆ ನಿಮ್ಮ ಫೋನು, ಕ್ಯಾಮೆರಾಗಳಿಗೆ ಐಪಿವಿ6 ವಿಳಾಸ ನೇರವಾಗಿ ಜಗಲಿಯಿಂದಲೇ ಬರುತ್ತದೆ. ಐಪಿವಿ4ಗೆ ಚಿಲಕ ಹಾಕಿದೆ, ಐಪಿವಿ6ಗೆ ಗೋಡೆಯೇ ಇಲ್ಲ. ಪಾಸ್-ಥ್ರೂ ತೆಗೆಯಿರಿ. ಬೇರೆ ಆಯ್ಕೆ ಅರ್ಥವಾಗದಿದ್ದರೆ ಒಳಗಿನ ರೂಟರ್‌ಗಳಲ್ಲಿ ಐಪಿವಿ6 ಪೂರ್ತಿ ಆಫ್ ಮಾಡಿ.

"ಹೀಗೆ ಮಾಡಿದರೆ ಡಬಲ್ ನ್ಯಾಟ್ ಆಗುತ್ತದೆ, ಸ್ಪೀಡ್ ಅರ್ಧ ಆಗುತ್ತದೆ" ಅಂತ ಹೆದರಿಸುವವರು ಬರುತ್ತಾರೆ. ನ್ಯಾಟ್ ಅಂದರೆ ಒಳಗಿನ ಎಲ್ಲ ವಿಳಾಸಗಳನ್ನೂ ರೂಟರ್ ಹೊರಗೆ ಒಂದೇ ವಿಳಾಸವಾಗಿ ತೋರಿಸುವುದು. ಇಲ್ಲಿ ಅದು ಎರಡು ಸಲ ಆಗುತ್ತದೆ, ನಿಜ. ಆದರೆ ಸ್ಪೀಡ್ ಅರ್ಧ ಅನ್ನುವುದು ಸುಳ್ಳು. ಯೂಟ್ಯೂಬ್, ಯುಪಿಐ, ಆಫೀಸಿನ ಮೀಟಿಂಗ್ ಯಾವುದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ತೊಂದರೆ ಬರುವುದು ಕೆಲವು ಆನ್‌ಲೈನ್ ಆಟಗಳಿಗೆ, ಮತ್ತು ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿನಿಂದ ಮನೆಯೊಳಗೆ ಬರಬೇಕು ಅನ್ನುವವರಿಗೆ. ಬಾಕ್ಸಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ವಿಳಾಸ ನೋಡಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಕಂಪನಿಯವರೇ ತಮ್ಮ ಕಡೆ ಇನ್ನೊಂದು ನ್ಯಾಟ್ ಮಾಡಿದ್ದಾರೆ, ನೀವು ಇಲ್ಲಿ ಏನೇ ಮಾಡಿದರೂ ಪೋರ್ಟ್ ಫಾರ್ವರ್ಡ್ ಕೆಲಸ ಮಾಡುವುದಿಲ್ಲ. ಸ್ಪೀಡ್ ನಿಜವಾಗಿ ಬಿದ್ದಿದ್ದರೆ ವೈರ್ ನೋಡಿ. ಎಂಟು ಎಳೆಯಲ್ಲಿ ನಾಲ್ಕನ್ನೇ ತುದಿಯ ಪ್ಲಗ್‌ಗೆ ಕ್ರಿಂಪ್ ಮಾಡಿ ಹೋದರೆ 100 ಎಂಬಿಪಿಎಸ್ ದಾಟುವುದಿಲ್ಲ. ಜಾಸ್ತಿ ಕಡೆ ನಾನು ಕಂಡಿರುವ ಕಾರಣ ಇದೇ.

ಅವರು ರಾತ್ರಿಯೆಲ್ಲ ಡೌನ್‌ಲೋಡ್ ಹಾಕಿದರೆ ನಿಮಗೆ ಇಂಟರ್ನೆಟ್ ನಿಧಾನ ಆಗುತ್ತದೆ, ಅದು ನಿಜ. ಮೇಲಿನ ರೂಟರ್‌ನಲ್ಲಿ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಇದ್ದರೆ 80 ಎಂಬಿಪಿಎಸ್‌ಗೆ ಕಟ್ಟಿ, ಮೊದಲೇ ಅವರಿಗೆ ಹೇಳಿ. ಅವರು ಪಿನ್ ಚುಚ್ಚಿ ರೂಟರ್ ರಿಸೆಟ್ ಮಾಡಿದರೆ ಆ ಮಿತಿ ಹೋಗುತ್ತದೆ, ಆದರೆ ನಿಮ್ಮ ಮನೆಯ ಚಿಲಕ ನಿಮ್ಮ ರೂಟರ್‌ನಲ್ಲಿ ಇರುವುದರಿಂದ ಅದಕ್ಕೇನೂ ಆಗುವುದಿಲ್ಲ. ಅನ್‌ಲಿಮಿಟೆಡ್ ಅಂತ ಹೇಳಿದರೂ ಬಹಳ ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ ದಾಟಿದರೆ ಸ್ಪೀಡ್ ಇಳಿಸುತ್ತಾರೆ. ಎರಡು ಮನೆ ಸೇರಿದರೆ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ವಿಲ್ಯಾನ್ (ಒಂದೇ ರೂಟರ್‌ನೊಳಗೆ ಬೇರೆ ಬೇರೆ ನೆಟ್‌ವರ್ಕ್) ಮಾಡಿದರೆ ಆಗಲ್ವಾ ಅಂತ ಕೇಳುತ್ತೀರಿ. ಆಗುತ್ತದೆ. ಪಿಜಿ ನಡೆಸುವವರು, ಐದಾರು ಮನೆ ಇರುವವರು ಅದನ್ನೇ ಮಾಡಬೇಕು. ವಿಲ್ಯಾನ್ ಗೊತ್ತಿರುವ ಒಂದು ರೂಟರ್, ಒಂದು ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ಸ್ ಬದಲಿಸಬಹುದಾದ, ಹಲವು ವೈರ್ ಕೂಡಿಸುವ ಡಬ್ಬಿ) ಬೇಕು. ಅಂಗಡಿಯಲ್ಲಿ ಸಿಗುವ ಸಾದಾ ಸ್ವಿಚ್ ಏನನ್ನೂ ಬೇರೆ ಮಾಡುವುದಿಲ್ಲ. ವಿಲ್ಯಾನ್ 10, ವಿಲ್ಯಾನ್ 20 ಅಂತ ಮಾಡಿಟ್ಟು ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಫೈರ್‌ವಾಲ್‌ನಲ್ಲಿ 20ರಿಂದ 10ಕ್ಕೆ, 10ರಿಂದ 20ಕ್ಕೆ ಬಿಡಬೇಡ ಅಂತ ಬರೆಯದಿದ್ದರೆ ಎಷ್ಟೋ ರೂಟರ್‌ಗಳು ತಾವೇ ಇತ್ತಿಂದತ್ತ ದಾಟಿಸುತ್ತವೆ. ಎರಡೇ ಮನೆಗೆ ಇಷ್ಟು ಬೇಡ. ಎರಡು ರೂಟರ್ ಸಾಕು, ಕೆಟ್ಟರೆ ನೀವೇ ಬದಲಿಸಬಹುದು.

ಎಲ್ಲ ಆದ ಮೇಲೆ ಪರೀಕ್ಷೆ ಮಾಡಿ. ಕೆಲಸ ಮಾಡಿದವರ ಮಾತು ಬೇಡ, ನನ್ನ ಮಾತೂ ಬೇಡ. ಮೇಲಿನ ವೈ-ಫೈಗೆ ಫೋನ್ ಸೇರಿಸಿ ನಿಮ್ಮ ಡಿವಿಆರ್ ವಿಳಾಸ, ಪ್ರಿಂಟರ್ ವಿಳಾಸ ಟೈಪ್ ಮಾಡಿ. ತೆರೆಯಬಾರದು. ಕೆಳಗಿನಿಂದ ಮೇಲಿನವರ ಒಂದು ಫೋನಿನ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಇದ್ದೀಯಾ ಅಂತ ಕೇಳುವ ಸಣ್ಣ ಸಂದೇಶ ಕಳಿಸಿ. ಉತ್ತರ ಬರಬಾರದು. ಅವರಿಗೂ ನಿಮ್ಮಷ್ಟೇ ಮರ್ಯಾದೆ ಇದೆ, ನೀವು ಮನೆ ಮಾಲೀಕರು ಅಂದ ಮಾತ್ರಕ್ಕೆ ಅವರ ಲ್ಯಾಪ್‌ಟಾಪ್ ನಿಮಗೆ ಕಾಣಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ ಬೇರೆ. ಬಾಡಿಗೆಯವರು ತಮ್ಮ ಹೆಸರಿನಲ್ಲೇ ಒಂದು ಕನೆಕ್ಷನ್ ತೆಗೆದುಕೊಳ್ಳಲಿ. ತೆರಿಗೆ ಸೇರಿ ಐನೂರರ ಒಳಗೆ ಸಣ್ಣ ಪ್ಲಾನ್ ಸಿಗುತ್ತದೆ. ನೀವು ಒಳಗೆ ಎಷ್ಟೇ ಬೇರೆ ಮಾಡಿದರೂ ಹೊರಗಿನ ಜಗತ್ತಿಗೆ ಎರಡೂ ಮನೆ ಒಂದೇ ಐಪಿ ವಿಳಾಸ, ಒಂದೇ ಹೆಸರು, ಅದು ನಿಮ್ಮದು. ನಾಳೆ ಆ ವಿಳಾಸದಿಂದ ಏನೋ ವಂಚನೆ ಆಗಿದೆ ಅಂತ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಯಿಂದ ಫೋನ್ ಬಂದರೆ ಮೊದಲು ಕರೆಯುವುದು ಬಿಲ್ ಯಾರ ಹೆಸರಿನಲ್ಲಿದೆಯೋ ಅವರನ್ನು. ಅಣ್ಣ ತಮ್ಮಂದಿರು, ಮಗ ಸೊಸೆ ಮೇಲಿದ್ದರೆ ಹಂಚಿಕೊಳ್ಳಿ. ಆರು ತಿಂಗಳಿಗೊಮ್ಮೆ ಬದಲಾಗುವ ಬಾಡಿಗೆಯವರ ಜೊತೆ ನಾನಂತೂ ಹಂಚಿಕೊಳ್ಳುವುದಿಲ್ಲ. ಹಂಚಿ ದುಡ್ಡು ವಸೂಲಿ ಮಾಡುವುದಂತೂ ಬೇಡ. ಮನೆ ಕನೆಕ್ಷನ್ನನ್ನು ಮಾರುವ ಹಾಗಿಲ್ಲ.

ಪ್ರಶ್ನೆ: ಹುಬ್ಬಳ್ಳಿಯಿಂದ. ಬ್ರಿಡ್ಜ್ ಮೋಡ್ ಮಾಡಿಕೊಡಿ ಅಂದರೆ ಕಂಪನಿಯವರು ಅಂಥದ್ದು ಇಲ್ಲವೇ ಇಲ್ಲ ಅನ್ನುತ್ತಾರೆ.

ಬ್ರಿಡ್ಜ್ ಮೋಡ್ ಅಂದರೆ ಫೈಬರ್ ಬಾಕ್ಸ್ ತಾನು ರೂಟರ್ ಕೆಲಸ ಮಾಡದೆ ಇಂಟರ್ನೆಟ್ಟನ್ನು ನೇರ ನಿಮ್ಮ ರೂಟರ್‌ಗೆ ದಾಟಿಸುವುದು. ಅದು ಇದೆ, ಕೆಲವರು ಕೊಡುವುದಿಲ್ಲ ಅಷ್ಟೇ. ಕೊಟ್ಟರೆ ಪಿಪಿಪಿಒಇ (ಕಂಪನಿಯ ಕಡೆ ಲಾಗಿನ್ ಆಗುವ) ಹೆಸರು, ಪಾಸ್‌ವರ್ಡ್, ವಿಲ್ಯಾನ್ ನಂಬರ್ ಮೂರನ್ನೂ ಬರೆಸಿಕೊಳ್ಳಿ, ಬಾಕ್ಸಿಗೆ ಹಾಕಿರುವ ಲ್ಯಾಂಡ್‌ಲೈನ್ ಫೋನ್ ನಿಲ್ಲುತ್ತದಾ ಅಂತಲೂ ಮೊದಲೇ ಕೇಳಿ. ಆದರೆ ಎರಡು ಮನೆ ಬೇರೆ ಮಾಡಲು ಬ್ರಿಡ್ಜ್ ಮೋಡ್ ಬೇಕಾಗಿಲ್ಲ. ಮೈಸೂರಿನವರಿಗೆ ಕೊಟ್ಟ ಉತ್ತರ ಓದಿ.

ಪ್ರಶ್ನೆ: ಬೆಂಗಳೂರಿನಿಂದ. ವೈ-ಫೈ ಹೆಸರು ಅಡಗಿಸಿ, ಮ್ಯಾಕ್ ಫಿಲ್ಟರ್ ಹಾಕಿದರೆ ಸಾಕಲ್ವಾ?

ಸಾಲದು. ಅಡಗಿಸಿದ ಹೆಸರನ್ನು ಹುಡುಕಲು ಉಚಿತ ಆ್ಯಪ್ ಇವೆ. ಮ್ಯಾಕ್ ಫಿಲ್ಟರ್ ಅಂದರೆ ಸಾಧನದ ಗುರುತಿನ ನಂಬರ್ (ಮ್ಯಾಕ್ ವಿಳಾಸ) ನೋಡಿ ಒಳಗೆ ಬಿಡುವುದು, ಆದರೆ ಆಂಡ್ರಾಯ್ಡ್ 10, ಐಒಎಸ್ 14ರಿಂದ ಫೋನ್‌ಗಳು ತಮ್ಮ ಮ್ಯಾಕ್ ವಿಳಾಸ ತಾವೇ ಬದಲಿಸಿಕೊಳ್ಳುತ್ತವೆ.

ಪ್ರಶ್ನೆ: ಮಂಗಳೂರಿನಿಂದ. ಮನೆಗೆ ಬಂದ ನೆಂಟರಿಗೆ ಗೆಸ್ಟ್ ನೆಟ್‌ವರ್ಕ್ ಕೊಟ್ಟರೆ ಸಾಕಾ?

ನೆಂಟರಿಗೆ ಸಾಕು. ಒಂದು ಎಚ್ಚರಿಕೆ: ಎರಡನೇ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ (ಬೇರೆ ನೆಟ್‌ವರ್ಕ್ ಮಾಡದೆ ಬರೀ ವೈ-ಫೈ ಹರಡುವಂತೆ) ಇಟ್ಟಿದ್ದರೆ ಕೆಲವು ಮಾಡೆಲ್‌ಗಳಲ್ಲಿ ಗೆಸ್ಟ್ ಅನ್ನುವುದು ಬರೀ ಹೆಸರಿಗೆ ಇರುತ್ತದೆ. ಮೇಲೆ ಹೇಳಿದ ಪರೀಕ್ಷೆ ಮಾಡಿ.

ಪ್ರಶ್ನೆ: ರೂಟರ್ ಮೇಲೆ ರೇಡಿಯೇಷನ್ ತಡೆಯುವ ಸ್ಟಿಕ್ಕರ್ ಅಂಟಿಸಬಹುದಾ?

ಮಾರುವವನಿಗೆ ಬಿಟ್ಟು ಯಾರಿಗೂ ಲಾಭವಿಲ್ಲ.

ಪ್ರಶ್ನೆ: ತೀರ್ಥಹಳ್ಳಿಯಿಂದ. ಮನೆಯಿಂದ ತೋಟದ ಮನೆಗೆ ಎಂಬತ್ತು ಮೀಟರ್. ನೆಟ್‌ವರ್ಕ್ ಕೇಬಲ್ ಎಳೆದು ಅಲ್ಲಿ ಬೇರೆ ರೂಟರ್ ಇಡುತ್ತೇನೆ. ಸರಿಯೇ?

ನೂರು ಮೀಟರ್ ಒಳಗಿದೆ, ಲೆಕ್ಕದಲ್ಲಿ ಸರಿ. ಆದರೂ ತಾಮ್ರ ಎಳೆಯಬೇಡಿ. ಮಲೆನಾಡಿನ ಏಪ್ರಿಲ್–ಮೇ ಸಿಡಿಲಿಗೆ ಎರಡು ಕಟ್ಟಡಗಳ ನಡುವಿನ ತಾಮ್ರದ ವೈರ್ ಎರಡೂ ಕಡೆಯ ರೂಟರ್ ಸುಡಲು ಸಾಕು. ಫೈಬರ್ ಎಳೆಯಿರಿ, ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನೂ ನೆಟ್‌ವರ್ಕ್ ವೈರಿನ ಸಿಗ್ನಲನ್ನೂ ಒಂದಕ್ಕೊಂದು ಬದಲಿಸುವ ಡಬ್ಬಿ) ಹಾಕಿ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಆ ಕೇಬಲ್ ಜೊತೆಗೆ ಬಿಗಿಗೆ ಅಂತ ಹೆಚ್ಚಾಗಿ ಉಕ್ಕಿನ ತಂತಿ ಇರುತ್ತದೆ, ಅದರಲ್ಲಿ ಹರಿಯುತ್ತದೆ. ಗೋಡೆಯ ಹೊರಗೇ ಆ ತಂತಿಯನ್ನು ಕತ್ತರಿಸಿ, ಒಳಗೆ ಬರೀ ಫೈಬರ್ ತನ್ನಿ. ಬಾಗಿಲ ಸಂದಿಯಲ್ಲಿ ಮಡಚಿ ತೂರಿಸಬೇಡಿ, ಬೆರಳಿಗೆ ಸುತ್ತಿದಷ್ಟು ಮಡಿಸಿದರೂ ಸಿಗ್ನಲ್ ಇಳಿಯಬಹುದು. ಗೋಡೆಯಲ್ಲಿ ತೂತು ಕೊರೆಸಿ, ಹೊರಗಿನ ಕಡೆಗೆ ಸ್ವಲ್ಪ ಇಳಿಜಾರು ಇರಲಿ, ಮಳೆನೀರು ಒಳಗೆ ಬರಬಾರದು.