ದಂಡ ಕಟ್ಟಿ ಮುಗಿಸಿದ ಕೇಸು ಕೆನಡಾದಲ್ಲಿ ಮುಗಿಯುವುದಿಲ್ಲ

ನಮಸ್ಕಾರ. ಹೊಲದ ಬದುವಿನ ವಿಷಯಕ್ಕೆ ದಾಯಾದಿಗಳೊಡನೆ ನಡೆದ ಜಗಳದಲ್ಲಿ ಅಣ್ಣನ ಜೊತೆಗೆ ನಿಮ್ಮ ಹೆಸರೂ ಎಫ್‌ಐಆರ್‌ಗೆ ಸೇರಿ, ಐಪಿಸಿ 323 (ಹೊಡೆತ), 504 (ಬೈಗುಳ) ಮತ್ತು 506ನೇ (ಬೆದರಿಕೆ) ಕಲಮುಗಳಡಿ ಚಾರ್ಜ್‌ಶೀಟ್ ಸಲ್ಲಿಕೆಯಾಗಿದೆಯೆಂದೂ, ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಒಂದೇ ದಿನದಲ್ಲಿ ಮುಗಿಯುತ್ತದೆಂದು ವಕೀಲರು ಹೇಳುತ್ತಿದ್ದಾರೆಂದೂ ಬರೆದಿದ್ದೀರಿ. ಹಾಗೆ ಮುಗಿಸಿಕೊಂಡು ಕೆನಡಾದ ಪಿಆರ್‌ಗೆ (ಕಾಯಂ ವಾಸದ ಹಕ್ಕಿಗೆ) ಅರ್ಜಿ ಹಾಕಬಹುದೇ ಎಂಬುದು ನಿಮ್ಮ ಪ್ರಶ್ನೆ. ನಾನು ವಕೀಲನಲ್ಲ, ಆದರೆ ಇಲ್ಲಿ ಕೆನಡಾದಲ್ಲಿ ನೆಲೆಸಿ ಇಂಥ ಅರ್ಜಿಗಳ ಗತಿಯನ್ನು ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ: ಆ ದಂಡವನ್ನು ಸದ್ಯಕ್ಕೆ ಕಟ್ಟಬೇಡಿ.

ತಪ್ಪೊಪ್ಪಿಕೊಂಡು ದಂಡ ಕಟ್ಟಿದವನು, ಆ ಮೊತ್ತ ಐನೂರು ರೂಪಾಯಿಯೇ ಆಗಿರಲಿ, ದಾಖಲೆಯ ಪ್ರಕಾರ ಅಪರಾಧಿಯೇ. ಕೆನಡಾದ ವಲಸೆ ಕಾಯ್ದೆಯ 36ನೇ ಕಲಮು ಭಾರತದಲ್ಲಿ ಎಷ್ಟು ಶಿಕ್ಷೆಯಾಯಿತೆಂಬುದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಅದೇ ಕೃತ್ಯ ಇಲ್ಲಿ ನಡೆದಿದ್ದರೆ ಯಾವ ಅಪರಾಧವಾಗುತ್ತಿತ್ತು, ಅದಕ್ಕೆ ಗರಿಷ್ಠ ಶಿಕ್ಷೆ ಎಷ್ಟಿತ್ತು ಎಂದು ನೋಡುತ್ತದೆ. 323ಕ್ಕೆ ಭಾರತದಲ್ಲಿ ಹೆಚ್ಚೆಂದರೆ ಒಂದು ವರ್ಷದ ಸೆರೆ. ಇಲ್ಲಿಯಾದರೋ ಸಾಮಾನ್ಯ ಹಲ್ಲೆಗೂ ಐದು ವರ್ಷದವರೆಗೆ ಸೆರೆ ವಿಧಿಸಬಹುದು. ಅದನ್ನು ಲಘು ವಿಧಾನದಲ್ಲೂ ಗಂಭೀರ ವಿಧಾನದಲ್ಲೂ ವಿಚಾರಣೆ ಮಾಡಲು ಅವಕಾಶವಿರುವುದರಿಂದ ವಲಸೆಯ ಲೆಕ್ಕದಲ್ಲಿ ಗಂಭೀರವೆಂದೇ ಹಿಡಿಯುತ್ತಾರೆ. ಹೀಗಾಗಿ ಕೆನ್ನೆಗೆ ಹೊಡೆದ ಒಂದೇ ಕೇಸಿನ ಶಿಕ್ಷೆಯೂ ಕೆನಡಾ ಪ್ರವೇಶಕ್ಕೆ ಅನರ್ಹರಾಗಲು ಸಾಲುತ್ತದೆ. ಕೊಲ್ಲುತ್ತೇನೆಂಬ ಬೆದರಿಕೆಯೂ ಇಲ್ಲಿ ಅಪರಾಧವೇ. 504ರ ಬೈಗುಳಕ್ಕೆ ಮಾತ್ರ ಸರಿಸಮನಾದ ಕಲಮು ಇಲ್ಲಿಲ್ಲ, ಅದೊಂದು ಸಮಾಧಾನ.

ಕುಡಿದು ವಾಹನ ಓಡಿಸಿದ ಕೇಸುಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಬೆಂಗಳೂರಿನಲ್ಲಿ ಹತ್ತು ಸಾವಿರ ಕಟ್ಟಿ ಮರೆತುಬಿಡುವ ಈ ಅಪರಾಧಕ್ಕೆ 2018ರ ಡಿಸೆಂಬರ್ 18ರಿಂದ ಇಲ್ಲಿ ಗರಿಷ್ಠ ಹತ್ತು ವರ್ಷದ ಸೆರೆಯಿದೆ. ಅಂದರೆ ಅದು ಅತಿ ಗಂಭೀರ ವರ್ಗಕ್ಕೆ ಸೇರಿತು. ಆದರೆ ಮದ್ಯಾಂಶಕ್ಕೆ ಭಾರತದ ಮಿತಿ ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಇಲ್ಲಿಯದು 80. ಈ ಎರಡರ ನಡುವೆ ಸಿಕ್ಕಿಬಿದ್ದವರಿಗೆ ವಾದಕ್ಕೆ ಜಾಗವಿದೆ. ನಿಮ್ಮ ಸ್ನೇಹಿತರಲ್ಲಿ ಅಂಥವರಿದ್ದರೆ ಯಂತ್ರದ ರೀಡಿಂಗ್ ಇರುವ ಚೀಟಿಯನ್ನು ಜೋಪಾನ ಮಾಡಲು ಹೇಳಿ.

ನಿಮ್ಮ ಕೇಸಿಗೆ ಬರೋಣ. ಎದುರು ಪಕ್ಷದವರು ಒಪ್ಪಿದರೆ ಈ ಕಲಮುಗಳನ್ನು ನ್ಯಾಯಾಲಯದಲ್ಲಾಗಲಿ ಲೋಕ ಅದಾಲತ್‌ನಲ್ಲಾಗಲಿ ರಾಜಿ ಮಾಡಿಕೊಳ್ಳಬಹುದು, ಮತ್ತು ಕಾನೂನುಬದ್ಧ ರಾಜಿಗೆ ಖುಲಾಸೆಯ ಫಲವೇ ಇದೆ. ನಿಮ್ಮ ಹೆಸರನ್ನು ಸುಮ್ಮನೆ ಸೇರಿಸಿದ್ದಾರೆಂದು ತೋರಿಸಲು ಆಧಾರವಿದ್ದರೆ ಹೈಕೋರ್ಟಿನಲ್ಲಿ ಕೇಸು ರದ್ದು ಕೋರಬಹುದು. ಉತ್ತರದ ಜಿಲ್ಲೆಗಳವರಾದರೆ ಧಾರವಾಡ ಅಥವಾ ಕಲಬುರಗಿ ಪೀಠವೇ ಇದೆ. ಎರಡೂ ನಿಧಾನ, ದಾಯಾದಿಗಳ ಮುಂದೆ ತಗ್ಗುವುದಂತೂ ಕಷ್ಟ, ಅದು ನನಗೂ ಗೊತ್ತು. ಇಷ್ಟಾದರೂ ಇಲ್ಲಿನ ಅಧಿಕಾರಿ ಘಟನೆಯ ವಿವರ ಕೇಳಬಹುದು, ಏಕೆಂದರೆ ಶಿಕ್ಷೆಯಾಗದಿದ್ದರೂ ಕೃತ್ಯ ನಡೆದಿದೆಯೆಂದು ನಂಬಲು ಸಕಾರಣವಿದ್ದರೆ ಅನರ್ಹಗೊಳಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದ್ದರಿಂದ ಎಫ್‌ಐಆರ್, ಚಾರ್ಜ್‌ಶೀಟ್ ಮತ್ತು ಅಂತಿಮ ಆದೇಶದ ದೃಢೀಕೃತ ಪ್ರತಿಗಳನ್ನು ಪಡೆದು, ಕನ್ನಡದಲ್ಲಿರುವುದನ್ನೆಲ್ಲ ಇಂಗ್ಲಿಷಿಗೆ ಅಧಿಕೃತವಾಗಿ ಅನುವಾದ ಮಾಡಿಸಿಡಿ. ನುರಿತ ಕೆಲಸಗಾರರ ಪಿಆರ್ ವ್ಯವಸ್ಥೆಯಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕಲು ಆಹ್ವಾನ ಬಂದ ಮೇಲೆ ಸಿಗುವುದು 60 ದಿನ ಮಾತ್ರ. ನ್ಯಾಯಾಲಯದ ನಕಲು ಶಾಖೆಯ ಮುಂದೆ ಓಡಾಡಲು ಅದು ಸಾಲದು.

ಅರ್ಜಿಯ ನಮೂನೆ ಶಿಕ್ಷೆಯಾಗಿದೆಯೇ ಎಂದಷ್ಟೇ ಕೇಳುವುದಿಲ್ಲ. ಆರೋಪ ಅಥವಾ ವಿಚಾರಣೆ ಬಾಕಿಯಿದೆಯೇ ಎಂದೂ ಕೇಳುತ್ತದೆ. ಅಲ್ಲಿ "ಇಲ್ಲ" ಎಂದು ಬರೆದುಬಿಡಿ ಎನ್ನುವ ಏಜೆಂಟರು ಊರಿನಲ್ಲಿ ಸಾಕಷ್ಟಿದ್ದಾರೆ. ಅಂಥವರ ಕಚೇರಿಯಿಂದ ತಕ್ಷಣ ಎದ್ದು ಬನ್ನಿ. ಸುಳ್ಳು ಮಾಹಿತಿ ಸಾಬೀತಾದರೆ ಐದು ವರ್ಷ ಕೆನಡಾದ ಬಾಗಿಲು ಮುಚ್ಚುತ್ತದೆ. ಮೂಲ ಕೇಸು ಖುಲಾಸೆಯಾದರೂ ಈ ತಪ್ಪು ಹಾಗೆಯೇ ಉಳಿಯುತ್ತದೆ. ಪಾಸ್‌ಪೋರ್ಟ್ ಕಚೇರಿಯಿಂದ ಪಡೆಯಬೇಕಾದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ (ಪಿಸಿಸಿ) ನಿಮ್ಮ ಠಾಣೆಯವರೇ ವರದಿ ಕೊಡುವುದರಿಂದ ಮುಚ್ಚಿಡುವುದೂ ಸುಲಭವಲ್ಲ. ಪತ್ನಿಯನ್ನು ಮುಖ್ಯ ಅರ್ಜಿದಾರರನ್ನಾಗಿಸಿ ನೀವು ಜೊತೆಗೆ ಬರುವ ಉಪಾಯವೂ ನಡೆಯದು; ಜೊತೆಗೆ ಬರುವವನ ಅನರ್ಹತೆ ಅವರ ಅರ್ಜಿಯನ್ನೂ ಕೆಡಿಸುತ್ತದೆ.

ಒಂದು ವೇಳೆ ಅಣ್ಣನವರು ಈಗಾಗಲೇ ದಂಡ ಕಟ್ಟಿದ್ದು ಅವರಿಗೂ ಬರುವ ಆಸೆಯಿದ್ದರೆ, ಶಿಕ್ಷೆ ಪೂರ್ಣಗೊಂಡು ಐದು ವರ್ಷವಾದ ಮೇಲೆ ತಾವು ಸುಧಾರಿಸಿರುವುದಾಗಿ ತೋರಿಸಿ ಪ್ರತ್ಯೇಕ ಅರ್ಜಿ ಹಾಕಬಹುದು. ನೀವು ಮಾತ್ರ ಮುಂದಿನ ಹಾಜರಾತಿಯಂದು ರಾಜಿ ಮಾತುಕತೆಗೆ ಕಾಲಾವಕಾಶ ಕೇಳುವಂತೆ ವಕೀಲರಿಗೆ ತಿಳಿಸಿ, ಆದೇಶದ ಕರಡು ಕೈಗೆ ಬಂದೊಡನೆ ಕೆನಡಾದ ಪರವಾನಗಿಯಿರುವ ವಲಸೆ ವಕೀಲರೊಬ್ಬರಿಗೆ ತೋರಿಸಿ.