ರಸ್ತೆಯನ್ನೇ ನೋಡುತ್ತಿದ್ದರೂ ಎದುರಿಗೆ ಬಂದವರು ಕಾಣದೆ ಹೋಗುವುದು ಹೇಗೆ?

ನಿಮ್ಮ ಸ್ಕೂಟರಿಗೆ ಎದುರಾದ ಅಜ್ಜಿಗೆ ಏನೂ ಆಗಲಿಲ್ಲ ಎಂದು ನಿಮ್ಮ ಪತ್ರದಲ್ಲಿ ಓದಿದ ಮೇಲೆಯೇ ನನಗೆ ಸಮಾಧಾನವಾಯಿತು. ಜಯನಗರದ ಅಡ್ಡರಸ್ತೆಯಲ್ಲಿ ಸ್ಕೂಟರ್ ಓಡಿಸುತ್ತಾ ಇಯರ್‌ಫೋನಿನಲ್ಲಿ ಅಣ್ಣನ ಜೊತೆ ಮಾತನಾಡುತ್ತಿದ್ದಿರಿ, ದೃಷ್ಟಿ ರಸ್ತೆಯ ಮೇಲೇ ಇತ್ತು, ಆದರೂ ದಾಟುತ್ತಿದ್ದವರು ಕೊನೆಯ ಗಳಿಗೆಯವರೆಗೆ ಕಾಣಲಿಲ್ಲ. ಕಣ್ಣು ಪರೀಕ್ಷೆ ಮಾಡಿಸಿದರೆ 6/6, ಅಂದರೆ ಸಾಮಾನ್ಯ ದೃಷ್ಟಿಯೇ, ಬಂತು. ಹಾಗಾದರೆ ಎಡವಟ್ಟಾದದ್ದು ಎಲ್ಲಿ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಸಂವೇದನೆ, ಗ್ರಹಿಕೆ, ಅವಧಾನ (ಅಂದರೆ ಗಮನ) ಎಂದು ಪಠ್ಯದಲ್ಲಿ ಬೇರೆ ಬೇರೆಯಾಗಿ ಓದುವ ಮೂರೂ ಸಂಗತಿಗಳು ನಿಮ್ಮ ಆ ಒಂದು ಕ್ಷಣದಲ್ಲಿ ಸೇರಿಕೊಂಡಿವೆ.

ಅಜ್ಜಿಯ ಸೀರೆಯಿಂದ ಹೊರಟ ಬೆಳಕು ನಿಮ್ಮ ಕಣ್ಣನ್ನು ಖಂಡಿತ ತಲುಪಿದೆ. ಕಣ್ಣಿನ ಹಿಂಭಾಗದ ಅಕ್ಷಿಪಟಲದ ಜೀವಕೋಶಗಳು ಅದನ್ನು ನರಸಂಕೇತವಾಗಿ ಬದಲಿಸಿ ಮಿದುಳಿಗೆ ಕಳಿಸಿವೆ. ಇಷ್ಟು ಸಂವೇದನೆ. ಕಣ್ಣಿನ ಡಾಕ್ಟರು ಅಕ್ಷರಗಳ ಫಲಕ ತೋರಿಸಿ ಪರೀಕ್ಷಿಸುವುದು ಹೆಚ್ಚುಕಡಿಮೆ ಈ ಹಂತವನ್ನೇ, ಅದೂ ದೃಷ್ಟಿಯ ನಟ್ಟನಡುವಿನ ಭಾಗವನ್ನು.

ಆ ನಡುಭಾಗ ಎಷ್ಟು ಚಿಕ್ಕದು ಎಂದು ಈಗಲೇ ನೋಡಿಕೊಳ್ಳಬಹುದು. ಗೋಡೆಗೆ ಒಂದು ದಿನಪತ್ರಿಕೆಯ ಪುಟ ಅಂಟಿಸಿ. ಅದರೆದುರು ತೋಳು ಚಾಚಿ, ಹೆಬ್ಬೆರಳಿನ ಉಗುರಿನ ಮೇಲೆ ದೃಷ್ಟಿ ನೆಟ್ಟು, ಕದಲಿಸದೆ, ಒಂದು ಗೇಣು ಆಚೆಗಿರುವ ಸಣ್ಣಕ್ಷರಗಳನ್ನು ಓದಲು ಯತ್ನಿಸಿ. ಅಲ್ಲಿ ಅಕ್ಷರಗಳಿವೆ ಎಂದು ಗೊತ್ತಾಗುತ್ತದೆ, ಓದಲು ಮಾತ್ರ ಆಗುವುದಿಲ್ಲ. ನಮಗೆ ನಿಚ್ಚಳವಾಗಿ ಕಾಣುವುದು ಸರಿಸುಮಾರು ಆ ಉಗುರಿನಷ್ಟು ಅಗಲ. ಕಣ್ಣು ಸೆಕೆಂಡಿಗೆ ಮೂರು ಸಲದಷ್ಟು ಅತ್ತಿತ್ತ ಜಿಗಿದು ತುಣುಕು ತುಣುಕಾಗಿ ಹೆಕ್ಕಿ ತರುತ್ತದೆ. ಉಳಿದದ್ದನ್ನು ಮಿದುಳು ಹಿಂದಿನ ಅನುಭವದ ಬಲದಿಂದ ತುಂಬಿಕೊಳ್ಳುತ್ತದೆ. ಗ್ರಹಿಕೆ ಎಂದರೆ ನಮ್ಮ ಅರಿವಿಗೆ ಬಾರದೆ ನಡೆಯುವ ಒಂದು ಬಗೆಯ ಊಹೆ ಎಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ 19ನೇ ಶತಮಾನದಲ್ಲೇ ಹೇಳಿದ್ದರು. ದಿನವೂ ಓಡಾಡುವ ಅಡ್ಡರಸ್ತೆಯಲ್ಲಿ ಈ ಊಹೆಯ ಪಾಲು ಇನ್ನೂ ಹೆಚ್ಚು. ನಿನ್ನೆ ಖಾಲಿಯಿದ್ದ ಜಾಗ ಇವತ್ತೂ ಖಾಲಿಯೇ ಇರುತ್ತದೆ ಎಂದುಕೊಂಡುಬಿಡುತ್ತೇವೆ.

ಇನ್ನು ಅವಧಾನ. ನಿಮ್ಮ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಮೆಜೆಸ್ಟಿಕ್ ಬಸ್ ನಿಲ್ದಾಣದ ಗದ್ದಲದಲ್ಲಿ ಎಲ್ಲ ಕಂಡಕ್ಟರುಗಳ ಕೂಗೂ ಕಿವಿಗೆ ಬೀಳುತ್ತದೆ, ಮನಸ್ಸಿಗೆ ತಾಕುವುದು ನಿಮ್ಮ ಊರಿನ ಹೆಸರು ಮಾತ್ರ. 1953ರಲ್ಲಿ ಬ್ರಿಟನ್ನಿನ ವಿಜ್ಞಾನಿ ಕಾಲಿನ್ ಚೆರ್ರಿ ಇದನ್ನು ಪ್ರಯೋಗಕ್ಕೆ ತಂದರು. ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದು ಕಿವಿಯದನ್ನು ಮಾತ್ರ ಜೊತೆಜೊತೆಗೇ ಉಚ್ಚರಿಸಿ ಎಂದರು. ಇನ್ನೊಂದು ಕಿವಿಯಲ್ಲಿ ಏನು ಹೇಳಿದರೆಂಬುದು ಜನರಿಗೆ ಗೊತ್ತೇ ಆಗಲಿಲ್ಲ. ಧ್ವನಿ ಗಂಡಸಿನದೋ ಹೆಂಗಸಿನದೋ ಎನ್ನುವಂಥದ್ದಷ್ಟೇ ತಿಳಿದಿತ್ತು. 1959ರಲ್ಲಿ ನೆವಿಲ್ ಮೊರೆ ಎಂಬ ಸಂಶೋಧಕರು ಆ ಕಡೆಗಣಿಸಿದ ಕಿವಿಯಲ್ಲಿ ಕೇಳುವವರ ಹೆಸರನ್ನೇ ಹೇಳಿದಾಗ ಸುಮಾರು ಮೂರನೇ ಒಂದು ಭಾಗದಷ್ಟು ಜನ ಗುರುತಿಸಿದರು. ಉಳಿದವರಿಗೆ ಸ್ವಂತ ಹೆಸರೂ ಕೇಳಿಸಲಿಲ್ಲ.

ಕಣ್ಣಿನದೂ ಇದೇ ಕಥೆ. 1999ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸೈಮನ್ಸ್ ಮತ್ತು ಶಾಬ್ರಿ ಒಂದು ವಿಡಿಯೊ ತೋರಿಸಿ, ಚೆಂಡನ್ನು ಎಷ್ಟು ಸಲ ಕೈಯಿಂದ ಕೈಗೆ ದಾಟಿಸಿದರು ಎಂದು ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು ಎದೆ ಬಡಿದುಕೊಂಡು ಹೋದರೂ ಅರ್ಧದಷ್ಟು ಜನರಿಗೆ ಕಾಣಲಿಲ್ಲ. ನನಗೆ ಇದಕ್ಕಿಂತ ಮುಖ್ಯವೆನಿಸುವುದು 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ. ಶ್ವಾಸಕೋಶದ ಸ್ಕ್ಯಾನ್‌ಗಳಲ್ಲಿ ಗಂಟುಗಳನ್ನು ಹುಡುಕುತ್ತಿದ್ದ 24 ವಿಕಿರಣತಜ್ಞ ವೈದ್ಯರಲ್ಲಿ 20 ಮಂದಿಗೆ, ಚಿತ್ರದೊಳಗೆ ಸೇರಿಸಿದ್ದ ಗೊರಿಲ್ಲಾ ಕಾಣಲಿಲ್ಲ. ಆ 20 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ದೃಷ್ಟಿ ನೇರವಾಗಿ ಅದರ ಮೇಲೆಯೇ ಹಾದುಹೋಗಿತ್ತು. ನೋಡುವುದನ್ನೇ ವೃತ್ತಿಯಾಗಿಸಿಕೊಂಡವರಿಗೂ ಹೀಗಾಗುತ್ತದೆ. ಆದ್ದರಿಂದ ನೀವು ದಡ್ಡರೆಂದೋ ಬೇಜವಾಬ್ದಾರಿಯವರೆಂದೋ ಹಳಹಳಿಸುವುದು ಬೇಡ.

ಆದರೆ ಫೋನಿನ ವಿಷಯದಲ್ಲಿ ನಾನು ಮೆತ್ತಗೆ ಮಾತನಾಡಲಾರೆ. "ಎರಡೂ ಕೈ ಹ್ಯಾಂಡಲ್ ಮೇಲೇ ಇದ್ದವು" ಎಂದು ಬರೆದಿದ್ದೀರಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು 2001ರಿಂದ ಪ್ರಕಟಿಸಿದ ಪ್ರಯೋಗಗಳಲ್ಲಿ ಫೋನನ್ನು ಕೈಯಲ್ಲಿ ಹಿಡಿದು ಮಾತನಾಡಿದರೂ ಹಿಡಿಯದೆ ಮಾತನಾಡಿದರೂ ಚಾಲಕರ ಪ್ರತಿಕ್ರಿಯೆ ಅಷ್ಟೇ ಮಂಕಾಗಿತ್ತು. ಕಣ್ಣಿನ ಚಲನೆ ಅಳೆದಾಗ, ಫೋನಿನಲ್ಲಿ ಮಾತನಾಡುತ್ತಿದ್ದವರು ತಾವು ನೇರವಾಗಿ ನೋಡಿದ್ದ ರಸ್ತೆಬದಿಯ ಫಲಕಗಳನ್ನೇ ಆಮೇಲೆ ಗುರುತಿಸಲು ತಡಬಡಾಯಿಸಿದರು. ಮಾತಿನ ಎಳೆ ಹಿಡಿಯಲು ಬೇಕಾದ ಅವಧಾನವೂ ಅಜ್ಜಿಯನ್ನು ಕಾಣಲು ಬೇಕಾದ ಅವಧಾನವೂ ಒಂದೇ ಗಂಟಿನಿಂದ ಖರ್ಚಾಗುತ್ತವೆ. ಹಿಂದಿನ ಸೀಟಿನವರ ಮಾತು ಇಷ್ಟು ಕಾಡದಿರಲು ಕಾರಣವಿದೆ: ಅವರಿಗೂ ರಸ್ತೆ ಕಾಣುತ್ತದೆ, ಇಕ್ಕಟ್ಟಿನ ಜಾಗ ಬಂದರೆ ತಾವಾಗಿ ಸುಮ್ಮನಾಗುತ್ತಾರೆ. ಮನೆಯಲ್ಲಿ ಕುಳಿತ ಅಣ್ಣನಿಗೆ ಅದು ತಿಳಿಯುವ ಬಗೆಯಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ನೀವು ಸೆಕೆಂಡಿಗೆ 11 ಮೀಟರ್ ದಾಟುತ್ತೀರಿ; ಒಂದು ಸೆಕೆಂಡ್ ಗಮನ ತಪ್ಪಿದರೂ ಅಷ್ಟು ದೂರ ಹೋಗಿಬಿಟ್ಟಿರುತ್ತೀರಿ.

ಸಭೆಯಲ್ಲಿ ಎಂಟು ಮಂದಿಯ ಸವಾಲುಗಳನ್ನು ಎದುರಿಸುತ್ತಾ ಆಶುಪದ್ಯ ಕಟ್ಟುವ ಅಷ್ಟಾವಧಾನಿಗಳು ಒಟ್ಟಿಗೇ ಎಂಟು ಕೆಲಸ ಮಾಡುವುದಿಲ್ಲವೇ ಎಂದು ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 2012ರಲ್ಲಿ ಆರ್. ಗಣೇಶ್ ಅವರು ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ, ಅಂದರೆ ನೂರು ಮಂದಿಯ ಸವಾಲಿನ ಅವಧಾನ, ನಡೆಸಿದ್ದರು. ಆ ಅವಧಾನ ಕಲೆಯನ್ನು ಗಮನವಿಟ್ಟು ನೋಡಿ: ಒಂದು ಸುತ್ತಿನಲ್ಲಿ ಒಬ್ಬ ಪೃಚ್ಛಕರಿಗೆ (ಪ್ರಶ್ನೆ ಒಡ್ಡುವವರಿಗೆ) ಪದ್ಯದ ಒಂದು ಸಾಲು, ಅದು ಮುಗಿದ ಮೇಲೆ ಮುಂದಿನವರಿಗೆ ಇನ್ನೊಂದು ಪದ್ಯದ ಸಾಲು. ಬಿಟ್ಟುಹೋದ ಎಳೆಯನ್ನು ಮರುಸುತ್ತಿನಲ್ಲಿ ನೆನಪಿನಿಂದ ಎತ್ತಿಕೊಳ್ಳುವುದೇ ಆ ವಿದ್ಯೆಯ ಬೆರಗು. ವರ್ಷಗಟ್ಟಲೆ ಸಾಧನೆ ಮಾಡಿದವರೂ ಒಂದಾದ ಮೇಲೊಂದಕ್ಕೆ ಮನಸ್ಸು ಕೊಡುತ್ತಾರೆ. ಅಡ್ಡಮಾತು ಎಸೆದು ಏಕಾಗ್ರತೆ ಕೆಡಿಸಲೆಂದೇ ಅಲ್ಲಿ ಅಪ್ರಸ್ತುತ ಪ್ರಸಂಗಿಯೊಬ್ಬರನ್ನು ಕೂರಿಸಿರುತ್ತಾರೆ. ನಿಮ್ಮ ಸ್ಕೂಟರಿನ ಮೇಲೆ ಆ ಸ್ಥಾನದಲ್ಲಿ ಇಯರ್‌ಫೋನ್ ಇತ್ತು.

ಹೊರಡುವ ಮುನ್ನ ಫೋನನ್ನು ಸೀಟಿನಡಿಯ ಡಿಕ್ಕಿಯಲ್ಲಿ ಹಾಕಿಬಿಡಿ, ಕರೆ ಬಂದರೆ ಗೊತ್ತೇ ಆಗದಿರಲಿ. ಅಣ್ಣನಿಗೂ ಮೊದಲೇ ಹೇಳಿಡಿ. ಇನ್ನೊಂದು ಮಾತು: ಫೋನಿಲ್ಲದಾಗಲೂ ಪಕ್ಕದಿಂದ ಬರುವವರು ಪದೇ ಪದೇ ಕಾಣದೆ ಹೋಗುತ್ತಿದ್ದರೆ ಅದನ್ನು ಅವಧಾನದ ಲೆಕ್ಕಕ್ಕೆ ಹಾಕಿ ಸುಮ್ಮನಿರಬೇಡಿ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಲ್ಲಿ ಪಕ್ಕದ ನೋಟ ನೋವಿಲ್ಲದೆ ಕುಗ್ಗುತ್ತಾ ಹೋಗುತ್ತದೆ, ಅಕ್ಷರಫಲಕದಲ್ಲಿ 6/6 ಬರುತ್ತಲೇ ಇರಬಹುದು. ಆಗ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೋ ಹತ್ತಿರದ ನೇತ್ರವೈದ್ಯರ ಬಳಿಗೋ ಹೋಗಿ, ಪಕ್ಕದ ನೋಟವನ್ನೂ ಅಳೆಯುವ ದೃಷ್ಟಿಕ್ಷೇತ್ರ ಪರೀಕ್ಷೆ ಆಗಬೇಕೆಂದು ನೀವಾಗಿಯೇ ಕೇಳಿ.