ಓದುಗರ ಪ್ರಶ್ನೆ: ಒಂದು ಹಗಲಲ್ಲಿ ಭಕ್ತಪುರ, ಪಾಟನ್

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ನೇಪಾಳದ ಬಗ್ಗೆಯೇ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ (ಡೊಂಬಿವಲಿ): ನಾಲ್ಕು ದಿನದ ಕಠ್ಮಂಡು ಟೂರ್ ಬುಕ್ ಮಾಡಿದ್ದೇವೆ. ಮೂರನೆಯ ದಿನಕ್ಕೆ ‘ಏಳು ಯುನೆಸ್ಕೊ ತಾಣ, ಒಂದೇ ದಿನ, ಗೈಡ್ ಸಹಿತ’ ಎಂದು ಬರೆದಿದ್ದಾರೆ. ಆಗುತ್ತದೆಯೇ?

ಉತ್ತರ: ಕಾರು ಏಳೂ ಕಡೆ ಹೋಗಿ ಬರುತ್ತದೆ. ನೀವು ನೋಡಿದಿರಾ ಎಂದು ಕೇಳಿದರೆ ಇಲ್ಲ ಎನ್ನಬೇಕಾಗುತ್ತದೆ. ಏಳು ತಾಣ ಎಂದರೆ ಕಠ್ಮಂಡು, ಪಾಟನ್, ಭಕ್ತಪುರಗಳ ಅರಮನೆ ಚೌಕಗಳು, ಸ್ವಯಂಭೂ, ಬೌದ್ಧನಾಥ, ಪಶುಪತಿನಾಥ, ಚಾಂಗು ನಾರಾಯಣ. 1979ರಲ್ಲಿ ಇವೆಲ್ಲ ಒಂದೇ ಪಟ್ಟಿಗೆ ಸೇರಿದವು ಎಂಬುದೇ ಈ ಪ್ಯಾಕೇಜಿನ ಮೂಲ. ಪಟ್ಟಿ ಒಂದಾದ ಮಾತ್ರಕ್ಕೆ ದಾರಿ ಒಂದಾಗುವುದಿಲ್ಲ. ಕಣಿವೆಯಲ್ಲಿ ಲೋಕಲ್ ಟ್ರೇನ್ ಇಲ್ಲ, ಎಲ್ಲ ರಸ್ತೆಯ ಮೇಲೆಯೇ. ಎಂಟು ಗಂಟೆಯ ಹಗಲಲ್ಲಿ ಮೂರೂವರೆ ಗಂಟೆ ಕಾರಿನಲ್ಲೇ ಹೋದರೆ ಉಳಿಯುವುದು ನಾಲ್ಕೂವರೆ. ಏಳರಿಂದ ಭಾಗಿಸಿದರೆ ತಲಾ 38 ನಿಮಿಷ. ಅದರಲ್ಲೇ ಟಿಕೆಟ್ ಸಾಲು, ಚಪ್ಪಲಿ ಬಿಡುವುದು, ಶೌಚಾಲಯ ಹುಡುಕುವುದು, ಊಟ. ಆಮೇಲೆ ಮನೆಗೆ ಬಂದು ಫೋಟೊ ನೋಡುವಾಗ ಯಾವುದು ಯಾವ ಊರಿನದೆಂದು ಗೊತ್ತಾಗದೆ ಕೂತವರು ಬಹಳ.

ಒಂದು ಹಗಲಿಗೆ ಎರಡು ಊರು ಸಾಕು: ಬೆಳಿಗ್ಗೆ ಭಕ್ತಪುರ, ಮಧ್ಯಾಹ್ನದ ಮೇಲೆ ಪಾಟನ್. ಎರಡೂ ಒಂದು ಕಾಲಕ್ಕೆ ಮಲ್ಲ ಅರಸರ ಬೇರೆ ಬೇರೆ ರಾಜಧಾನಿಗಳು. ಒಂದರ ಅರಮನೆ ಇನ್ನೊಂದಕ್ಕೆ ಹಟ ಕಟ್ಟಿ ಕಟ್ಟಿದ್ದು. ಆದ್ದರಿಂದ ಒಂದೇ ದಿನ ಬೆನ್ನುಬೆನ್ನಿಗೆ ನೋಡಿದರೆ ಆ ಪೈಪೋಟಿ ಕಣ್ಣಿಗೆ ಕಾಣುತ್ತದೆ. ಹೋಟೆಲು ಕಠ್ಮಂಡುವಿನ ಪ್ರವಾಸಿ ಬಡಾವಣೆ ಥಮೆಲ್ ಕಡೆ ಇದ್ದರೆ 7 ಗಂಟೆಗೆ ಹೊರಡಿ. ಆ ಹೊತ್ತಿಗೆ ವಾಹನಗಳೆಲ್ಲ ಕಠ್ಮಂಡುವಿನ ಕಡೆಗೆ ಬರುತ್ತಿರುತ್ತವೆ, ನಿಮ್ಮದು ಎದುರು ದಿಕ್ಕು. 13 ಕಿ.ಮೀ. ದಾರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಟ್ಟುಕೊಳ್ಳಿ. 11.30ಕ್ಕೆ ಅಲ್ಲಿಂದ ಬಿಟ್ಟರೆ ಒಂದು ಗಂಟೆಯೊಳಗೆ ಪಾಟನ್‌ನಲ್ಲಿ ಊಟ. ಇದನ್ನು ತಿರುಗಿಸಿ ಪಾಟನ್ ಮೊದಲು ಇಟ್ಟರೆ ಸಂಜೆ ಭಕ್ತಪುರದಿಂದ ವಾಪಸಾಗುವಾಗ ರಸ್ತೆಯಲ್ಲೇ ಕತ್ತಲಾಗುತ್ತದೆ.

ಶನಿವಾರ ಬಿಟ್ಟು ಬೇರೆ ದಿನ ಆರಿಸಿ. ನೇಪಾಳದಲ್ಲಿ ವಾರದ ರಜೆ ಅದು, ದೇವಸ್ಥಾನಗಳಲ್ಲಿ ಸ್ಥಳೀಯರೇ ತುಂಬಿರುತ್ತಾರೆ. ಗಡಿಯಾರವನ್ನು 15 ನಿಮಿಷ ಮುಂದಕ್ಕೆ ಇಡಲು ಮರೆಯಬೇಡಿ. ಟಿಕೆಟ್ ಮೇಲೆ ನಮ್ಮ ಇಸವಿಗಿಂತ 56–57 ವರ್ಷ ಮುಂದಿನದು ಅಚ್ಚಾಗಿದ್ದರೆ ಗಾಬರಿ ಬೇಡ, ಅದು ಅಲ್ಲಿ ಬಳಕೆಯಲ್ಲಿರುವ ವಿಕ್ರಮ ಶಕೆ.

ಪ್ರಶ್ನೆ (ಮುಲುಂಡ್): ಭಕ್ತಪುರದ ಮೂರು ಗಂಟೆಯಲ್ಲಿ ಗೈಡ್ ಏನೇನು ತೋರಿಸಬೇಕು? ಜೊತೆಗೆ ಮೊಣಕಾಲು ನೋವಿನ ಅತ್ತೆ ಇದ್ದಾರೆ.

ಉತ್ತರ: ಕಾರು ಪಶ್ಚಿಮದ ಬಾಗಿಲಲ್ಲಿ ಇಳಿಸಲಿ, ಪೂರ್ವದಲ್ಲಿ ದತ್ತಾತ್ರೇಯ ಚೌಕದ ಕಡೆ ಬಂದು ಹತ್ತಿಸಿಕೊಳ್ಳಲಿ. ಇದನ್ನು ಹಿಂದಿನ ರಾತ್ರಿಯೇ ಹೇಳಿಬಿಡಿ. ಇಳಿಸಿದ ಜಾಗದಲ್ಲೇ ಡ್ರೈವರ್ ಕಾಯುತ್ತಿದ್ದರೆ ಅತ್ತೆ ಅಷ್ಟೂ ದೂರ ಮರಳಿ ನಡೆಯಬೇಕಾಗುತ್ತದೆ, ಅರ್ಧ ಗಂಟೆ ಅಲ್ಲೇ ಹೋಯಿತು. ಚೌಕಗಳ ಒಳಗೆ ಟೂರಿಸ್ಟ್ ಕಾರು ಬಿಡುವುದಿಲ್ಲ. ನೆಲಕ್ಕೆ ಹಾಸಿದ್ದು ಇಟ್ಟಿಗೆ, ಮಳೆ ಬಿದ್ದರೆ ಜಾರುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಇರಲಿ.

ಅರಮನೆ ಚೌಕದಲ್ಲಿ 55 ಕಿಟಕಿಯ ಅರಮನೆ, ಅದರ ಪಕ್ಕದ ಚಿನ್ನದ ಬಾಗಿಲು. ಇಲ್ಲಿ ಮುಕ್ಕಾಲು ಗಂಟೆ. ವತ್ಸಲಾ ದೇವಿಯ ಕಲ್ಲಿನ ಗುಡಿ 2015ರ ಏಪ್ರಿಲ್ 25ರ ಭೂಕಂಪದಲ್ಲಿ ನೆಲಸಮವಾಗಿ ಮತ್ತೆ ಕಟ್ಟಿದ್ದು. ಹಳೆಯ ಕಲ್ಲು ಯಾವುದು, ಹೊಸದು ಯಾವುದು ಎಂದು ಬಣ್ಣ ನೋಡಿಯೇ ಹೇಳಬಹುದು.

ಅಲ್ಲಿಂದ ತೌಮಢಿ ಚೌಕಕ್ಕೆ ಎರಡು ನಿಮಿಷದ ನಡಿಗೆ. ಇಡೀ ದಿನದಲ್ಲಿ ಒಂದೇ ಕಡೆ ನಿಧಾನವಾಗಿ ನಿಲ್ಲುವುದಾದರೆ ಇಲ್ಲಿನ ನ್ಯಾತಪೋಲದ ಮುಂದೆ ನಿಲ್ಲಿ. ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ ಐದು ಛಾವಣಿಯ ದೇಗುಲ, ಎತ್ತರ ಸುಮಾರು 30 ಮೀಟರ್. ಮೆಟ್ಟಿಲಿನ ಎರಡೂ ಬದಿ ಜೋಡಿ ಕಾವಲುಗಾರರು. ಕೆಳಗೆ ಇಬ್ಬರು ಜಟ್ಟಿಗಳು, ಅವರ ಮೇಲೆ ಆನೆ, ಮೇಲೆ ಸಿಂಹ, ಮೇಲೆ ಶಾರ್ದೂಲ, ತುದಿಯಲ್ಲಿ ಬಾಘಿನಿ ಮತ್ತು ಸಿಂಘಿನಿ ದೇವತೆಯರು. ಪ್ರತಿ ಜೋಡಿಯೂ ಕೆಳಗಿನದಕ್ಕಿಂತ ಹತ್ತು ಪಟ್ಟು ಬಲಶಾಲಿ ಎಂಬ ಲೆಕ್ಕ. ಒಳಗಿರುವ ಸಿದ್ಧಿಲಕ್ಷ್ಮಿಯ ದರ್ಶನ ಸಾರ್ವಜನಿಕರಿಗಿಲ್ಲ, ಹಾಗಾಗಿ ಅತ್ತೆ ಮೆಟ್ಟಿಲು ಹತ್ತದಿದ್ದರೂ ನಷ್ಟವಿಲ್ಲ. ಚೌಕದ ಕಟ್ಟೆಯ ಮೇಲೆ ಕೂತೇ ಎಲ್ಲ ಕಾಣುತ್ತದೆ. 1934ರದ್ದು, 2015ರದ್ದು, ಎರಡೂ ಭೂಕಂಪವನ್ನು ಇದು ತಾಳಿಕೊಂಡಿತು. ಅಗಲವಾದ ಐದು ಹಂತದ ಪೀಠ, ಮೇಲೇರಿದಂತೆ ಕಿರಿದಾಗುವ ಛಾವಣಿ, ಇಟ್ಟಿಗೆಯ ನಡುವೆ ಹೆಣೆದ ಮರದ ಚೌಕಟ್ಟು ನೋಡಿದರೆ ಹೇಗೆ ಎಂಬುದು ಅಂದಾಜಾಗುತ್ತದೆ. ಕರಾವಳಿಯ ಓದುಗರಿಗೆ ಈ ಇಳಿಜಾರು ಛಾವಣಿ ಹೊಸದಲ್ಲ, ಮೂಡಬಿದಿರೆಯ ಸಾವಿರ ಕಂಬದ ಬಸದಿ ನೆನಪಾಗಿಯೇ ಆಗುತ್ತದೆ. ಮಳೆ ಕಲಿಸಿದ ಪಾಠ ಎರಡು ಕಡೆಯೂ ಒಂದೇ.

ಮುಂದೆ ಕುಂಬಾರರ ಚೌಕ, ಆಮೇಲೆ ದತ್ತಾತ್ರೇಯ. ಗಾಣಗಾಪುರಕ್ಕೆ ನಡೆದುಕೊಳ್ಳುವವರು ಈ ಗುಡಿ ತಪ್ಪಿಸುವುದಿಲ್ಲ. ಯಕ್ಷ ಮಲ್ಲನ ಕಾಲದ್ದು, 15ನೆಯ ಶತಮಾನ. ಒಂದೇ ಮರದಿಂದ ಕಟ್ಟಿದ್ದು ಎಂಬುದು ಊರವರ ನಂಬಿಕೆ. ಪ್ರಸಿದ್ಧ ನವಿಲು ಕಿಟಕಿ ಚೌಕದಲ್ಲಿಲ್ಲ, ಪೂಜಾರಿ ಮಠದ ಪಕ್ಕದ ಇಕ್ಕಟ್ಟು ಓಣಿಯಲ್ಲಿದೆ. ಗೈಡ್ ಇಲ್ಲದವರು ಇದನ್ನೇ ಹುಡುಕಿ ಸೋಲುತ್ತಾರೆ.

ಪ್ರಶ್ನೆ (ಪುಣೆ): ನಮ್ಮ ಮನೆದೇವರು ತುಳಜಾಪುರದ ಭವಾನಿ. ಅಲ್ಲಿನ ಮಲ್ಲ ಅರಸರ ಕುಲದೇವಿ ತಲೇಜು ಅದೇ ದೇವಿ ಎಂದು ಟೂರ್‌ನವರು ಹೇಳಿದರು. ನಿಜವೇ?

ಉತ್ತರ: ಹೆಸರು ಹತ್ತಿರ, ಐತಿಹ್ಯವೂ ಇದೆ. ಆದರೆ ಹೆಸರಿನ ಹೋಲಿಕೆಯೇ ಪುರಾವೆಯಲ್ಲ. ಗಟ್ಟಿಯಾಗಿ ಹೇಳಬಹುದಾದ ಸಂಗತಿ ಕನ್ನಡಿಗರಿಗೆ ಇನ್ನೂ ರುಚಿಸೀತು. 1097ರಲ್ಲಿ ನಾನ್ಯದೇವ ಎಂಬಾತ ಈಗಿನ ನೇಪಾಳ-ಬಿಹಾರ ಗಡಿಯ ಸಿಮ್ರೌನ್‌ಗಢವನ್ನು ರಾಜಧಾನಿ ಮಾಡಿಕೊಂಡು ಮಿಥಿಲೆಯನ್ನು ಆಳಿದ. ಆ ವಂಶದವರು ತಮ್ಮನ್ನು ಕರ್ಣಾಟರೆಂದೇ ಕರೆದುಕೊಂಡರು. 1324ರ ಹೊತ್ತಿಗೆ ಘಿಯಾಸುದ್ದೀನ್ ತುಘಲಕನ ದಾಳಿಗೆ ಅದರ ಕೊನೆಯ ಅರಸ ಹರಿಸಿಂಹದೇವ ಬೆಟ್ಟದ ಕಡೆ ಓಡಿ ದಾರಿಯಲ್ಲೇ ತೀರಿಕೊಂಡ, ರಾಣಿ ದೇವಲದೇವಿ ಭಕ್ತಪುರ ಸೇರಿದಳು. ತಲೇಜು ದೇವಿ ಬಂದದ್ದು ಅವರೊಡನೆ ಎಂದು ಪರಂಪರೆ ಹೇಳುತ್ತದೆ. ಅವಳ ಮೊಮ್ಮಗಳನ್ನೇ ಮುಂದೆ ಕಣಿವೆಯನ್ನು ಆಳಿದ ಜಯಸ್ಥಿತಿ ಮಲ್ಲ ಮದುವೆಯಾದ. ಗೈಡ್ ‘ಮಲ್ಲರು ಕರ್ನಾಟಕದವರು’ ಎಂದು ಒಂದೇ ಮಾತಿಗೆ ಮುಗಿಸಿದರೆ ಅರ್ಧ ಒಪ್ಪಿಕೊಳ್ಳಿ.

ದರ್ಶನದ ವಿಷಯ: ಕಠ್ಮಂಡುವಿನ ತಲೇಜು ಗುಡಿ ಜನರಿಗೆ ತೆರೆಯುವುದು ವರ್ಷಕ್ಕೊಮ್ಮೆ, ದಸರೆಯ ನವಮಿಯಂದು. ಭಕ್ತಪುರದ್ದು ಚಿನ್ನದ ಬಾಗಿಲು ದಾಟಿ ಒಳಗೆ, ಹಿಂದೂಗಳಿಗೆ ಮಾತ್ರ ಪ್ರವೇಶ. ಬಾಗಿಲಲ್ಲಿರುವ ಕಾವಲಿನವರಿಗೆ ಗೈಡ್ ಮೊದಲೇ ಹೇಳಲಿ. ಒಳಗೆ ಮೊಬೈಲ್ ಎತ್ತಬೇಡಿ.

ಪ್ರಶ್ನೆ (ಮಡಗಾಂವ್): ಗೋವೆಯಿಂದ ಆರು ಜನ. ಅಪ್ಪನಿಗೆ 68, ಆಧಾರ್ ಮಾತ್ರ ಇದೆ. ಭಾವನದು ಪೋರ್ಚುಗೀಸ್ ಪಾಸ್‌ಪೋರ್ಟ್. ತೊಂದರೆಯೇ?

ಉತ್ತರ: ಅಪ್ಪನಿಗೆ ಇಲ್ಲ, ಭಾವನಿಗೆ ಇದೆ. ಭಾರತೀಯರಿಗೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವ 15ರಿಂದ 65 ವರ್ಷದವರಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು, ಆಧಾರ್ ನಡೆಯದು. 65 ದಾಟಿದವರಿಗೂ 15ಕ್ಕಿಂತ ಚಿಕ್ಕವರಿಗೂ ಫೋಟೊ ಇರುವ ಆಧಾರ್ ಸಾಕು. 15ರಿಂದ 18ರ ನಡುವಿನ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಟ್ಟ ಪತ್ರ. ಎಲ್ಲವೂ ಅಸಲು ಇರಲಿ, ಮೊಬೈಲಿನಲ್ಲಿರುವ ಫೋಟೊವನ್ನು ನಂಬಿ ಹೋಗಬೇಡಿ. ಜನ ಸಿಕ್ಕಿಬೀಳುವುದು ಕಠ್ಮಂಡುವಿನಲ್ಲಲ್ಲ, ಇಲ್ಲಿನ ಚೆಕ್-ಇನ್ ಕೌಂಟರಿನಲ್ಲಿ. ಟಿಕೆಟ್‌ನಲ್ಲಿ ‘ಕೆ. ರಾವ್’, ಚೀಟಿಯಲ್ಲಿ ಪೂರ್ಣ ಹೆಸರು ಇದ್ದರೂ ತಕರಾರು ಬರುತ್ತದೆ.

ಭಾವನ ಕೈಯಲ್ಲಿ ಓಸಿಐ ಕಾರ್ಡ್ ಇದ್ದರೂ ನೇಪಾಳಕ್ಕೆ ಅವರು ವಿದೇಶಿಯೇ. ಇಳಿದ ಮೇಲೆ ವೀಸಾ ಸಿಗುತ್ತದೆ, 15 ದಿನಕ್ಕೆ 30 ಡಾಲರ್. ಭಾರತಕ್ಕೆ ಮರಳಲು ಓಸಿಐ ಕಾರ್ಡ್ ಜೊತೆಗೇ ಇರಲಿ. ಚೌಕಗಳ ಟಿಕೆಟ್ ಕೂಡ ಅವರಿಗೆ ವಿದೇಶಿ ದರ. ನಿಮಗೆಲ್ಲ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಕೂಟ) ದರ, ಅದು ಬಹಳ ಕಡಿಮೆ. ಕೌಂಟರಿನಲ್ಲಿ ಗುರುತಿನ ಚೀಟಿ ತೋರಿಸಿ ಕೇಳಿ ಪಡೆಯಿರಿ. ಪ್ಯಾಕೇಜಿನಲ್ಲಿ ‘ಎಂಟ್ರಿ ಫೀ ಸೇರಿದೆ’ ಎಂದಿದ್ದರೆ ಯಾವ ದರ ಹಿಡಿದಿದ್ದಾರೆಂದು ಬರೆಸಿಕೊಳ್ಳಿ. ಒಂದೊಂದು ಊರಿನ ಚೌಕಕ್ಕೂ ಬೇರೆ ಟಿಕೆಟ್. ಪಾಟನ್‌ನಲ್ಲಿ ಅದನ್ನು ಎಸೆಯಬೇಡಿ, ಮ್ಯೂಸಿಯಂ ಬಾಗಿಲಲ್ಲೂ ಕೇಳುತ್ತಾರೆ.

ಡಿಸೆಂಬರ್, ಜನವರಿಯಲ್ಲಿ ಕಠ್ಮಂಡುವಿನ ಬೆಳಗಿನ ಮಂಜಿಗೆ ವಿಮಾನ ತಡವಾಗುತ್ತದೆ. ಬಂದಿಳಿದ ದಿನವೇ ಊರು ಸುತ್ತುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಪ್ರಶ್ನೆ (ಠಾಣೆ): ದುಡ್ಡು ಹೇಗೆ ಒಯ್ಯುವುದು?

ಉತ್ತರ: ನಮ್ಮ 100 ರೂಪಾಯಿ ಅಲ್ಲಿ 160. 1993ರಿಂದ ಈ ದರ ಬದಲಾಗಿಲ್ಲ. ಅಲ್ಲಿನವರ ಬಾಯಲ್ಲಿ ನಮ್ಮದು ‘ಐಸಿ’, ಅವರದು ‘ಎನ್‌ಸಿ’. ಗೈಡ್ ‘ಇಡೀ ದಿನಕ್ಕೆ ಐದು ಸಾವಿರ’ ಎಂದರೆ ತಕ್ಷಣ ಕೇಳಬೇಕಾದ್ದು: ಐಸಿಯೋ ಎನ್‌ಸಿಯೋ? ಎನ್‌ಸಿ ಆದರೆ ನಮ್ಮ 3,125. ಸಂಜೆ ಕಾರಿನ ಬಾಗಿಲಲ್ಲಿ ನಡೆಯುವ ಜಗಳಗಳಲ್ಲಿ ಮುಕ್ಕಾಲು ಪಾಲು ಈ ಎರಡಕ್ಷರದ್ದು.

2018ರ ಡಿಸೆಂಬರಿನಲ್ಲಿ ನೇಪಾಳ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳಿಗೆ ತಡೆ ಹಾಕಿತು. ಈಚೆಗೆ ಸಡಿಲಿಕೆಯ ಮಾತು ಬಂದಿದ್ದರೂ ಅಂಗಡಿಯವ ಕೈಚಾಚಿ ತೆಗೆದುಕೊಳ್ಳುವುದು 100ರ ನೋಟನ್ನೇ, ಒಂದು ಕಟ್ಟು ಜೊತೆಗಿರಲಿ. 2024ರಿಂದ ಫೋನ್‌ಪೇ ನೆಟ್‌ವರ್ಕಿನ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ. ಇದು ನೇಪಾಳದ ಕಂಪನಿ, ನಮ್ಮಲ್ಲಿನ ಅದೇ ಹೆಸರಿನ ಆ್ಯಪ್ ಅಲ್ಲ. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮುಂಬೈನಲ್ಲೇ ಆನ್ ಮಾಡಿಕೊಳ್ಳಿ. ರೋಮಿಂಗ್ ಇಲ್ಲದೆ ಓಟಿಪಿ ಬಾರದೆ ಅಲ್ಲಿ ಪರದಾಡುವುದು ಬೇಡ.

ಪ್ರಶ್ನೆ (ಡೊಂಬಿವಲಿ): ಶುದ್ಧ ಸಸ್ಯಾಹಾರಿಗಳಿಗೆ ಊಟ?

ಉತ್ತರ: ಚಿಂತೆಯಿಲ್ಲ. ಕಣಿವೆಯ ಹಳೆಯ ನಿವಾಸಿಗಳಾದ ನೇವಾರರ ‘ಬಾರಾ’ ಎಂದರೆ ರುಬ್ಬಿದ ಉದ್ದಿನ ಹಿಟ್ಟನ್ನು ಕಾವಲಿಯ ಮೇಲೆ ತಟ್ಟಿ ಬೇಯಿಸಿದ್ದು, ಚಪ್ಪಟೆ ಉದ್ದಿನ ವಡೆ ಅನ್ನಿ. ‘ಚತಾಮರಿ’ ಅಕ್ಕಿ ಹಿಟ್ಟಿನ ದೋಸೆಯ ತಂಗಿ. ಎರಡರ ಮೇಲೂ ಮೊಟ್ಟೆ ಒಡೆದು ಹಾಕುವ ರೂಢಿ ಇದೆ, ಮೊದಲೇ ಬೇಡವೆನ್ನಿ. ನೇಪಾಳಿಯಲ್ಲಿ ಮೊಟ್ಟೆಗೆ ‘ಫುಲ್’ ಎನ್ನುತ್ತಾರೆ. ‘ಫುಲ್ ಹಾಕಲೇ?’ ಎಂದಾಗ ಪೂರ್ತಿ ಪ್ಲೇಟು ಎಂದುಕೊಂಡು ತಲೆಯಾಡಿಸಿದರೆ ಮುಗಿಯಿತು. ಮೊಮೊ ಪಟ್ಟಿಯಲ್ಲಿ ‘ಬಫ್’ ಎಂದರೆ ಎಮ್ಮೆ ಮಾಂಸ.

ಭಕ್ತಪುರದ ‘ಜುಜು ಧೌ’ ಬಿಡಬೇಡಿ. ಎಮ್ಮೆ ಹಾಲು ಕಾಯಿಸಿ, ಸಿಹಿ ಹಾಕಿ, ಹೊಳಪು ಬಳಿಯದ ಮಣ್ಣಿನ ಕುಡಿಕೆಯಲ್ಲಿ ಬೆಚ್ಚಗೆ ಹೆಪ್ಪಿಟ್ಟ ಮೊಸರು. ಕುಡಿಕೆ ನೀರು ಹೀರಿಕೊಳ್ಳುವುದರಿಂದ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಅಲ್ಲೇ ತಿನ್ನಿ. ಕಾರಿನಲ್ಲಿ ಒಯ್ದರೆ ಪಾಟನ್ ಸೇರುವಷ್ಟರಲ್ಲಿ ನೀರು ಬಿಟ್ಟಿರುತ್ತದೆ.

ಪ್ರಶ್ನೆ (ಪುಣೆ): ಪಾಟನ್‌ನಲ್ಲಿ ಏನು ಮುಖ್ಯ? ಪಶುಪತಿನಾಥವನ್ನೂ ಅದೇ ದಿನ ಸೇರಿಸಬಹುದೇ?

ಉತ್ತರ: ಪಾಟನ್‌ನಲ್ಲಿ ಕೃಷ್ಣ ಮಂದಿರ. ಸಿದ್ಧಿನರಸಿಂಹ ಮಲ್ಲ 1637ರಲ್ಲಿ ಕಟ್ಟಿಸಿದ್ದು. ಸುತ್ತಲ ಗುಡಿಗಳೆಲ್ಲ ಮರ, ಇಟ್ಟಿಗೆ. ಇದು ಪೂರ್ತಿ ಕಲ್ಲು, 21 ಶಿಖರ. ಮೊದಲ ಅಂತಸ್ತಿನ ಕೆತ್ತನೆಯ ಪಟ್ಟಿಯಲ್ಲಿ ಮಹಾಭಾರತ, ಎರಡನೆಯದರಲ್ಲಿ ರಾಮಾಯಣ. ಜನ್ಮಾಷ್ಟಮಿಯಂದು ಚೌಕದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಮೇಲೆ ಮ್ಯೂಸಿಯಂಗೆ ಒಂದೂವರೆ ಗಂಟೆ ಕೊಡಿ. ಲೋಹದ ವಿಗ್ರಹ ಎರಕ ಹೊಯ್ಯುವ ಮೇಣದ ವಿಧಾನವನ್ನು ಹಂತಹಂತವಾಗಿ ಇಟ್ಟಿದ್ದಾರೆ. ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲ, ಆದ್ದರಿಂದ ಊಟವಾದ ಕೂಡಲೇ ಇದು. ಚಿನ್ನದ ವಿಹಾರಕ್ಕೆ ಹೋಗುವವರು ಚರ್ಮದ ಬೆಲ್ಟು, ಪರ್ಸು ಹೊರಗೆ ಬಿಡಬೇಕು.

ಪಶುಪತಿನಾಥವನ್ನು ಸೇರಿಸಬೇಡಿ. ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಮರುದಿನ ನಸುಕಿನಲ್ಲೇ ಹೋಗಿ. ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ದಕ್ಷಿಣದ ಭಟ್ಟರಿಗೆ ಮಾತ್ರ, ಈಚಿನ ಕಾಲದಲ್ಲಿ ಅವರು ಹೆಚ್ಚಾಗಿ ಕರ್ನಾಟಕದವರು. 2009ರ ಆರಂಭದಲ್ಲಿ ಆಗಿನ ಸರಕಾರ ನೇಪಾಳಿ ಅರ್ಚಕರನ್ನು ತರಲು ಹೊರಟು, ವಿರೋಧ ಎದ್ದು ಹಿಂದೆ ಸರಿಯಿತು. ಹಾಗೆಂದು ಸಾಲು ತಡೆದು ನಿಂತು ‘ಯಾವ ಊರು ಭಟ್ರೇ?’ ಎಂದು ಮಾತಿಗೆಳೆಯಬೇಡಿ. ಹಿಂದಿನವರು ತಳ್ಳುತ್ತಾರೆ.

ಪ್ರಶ್ನೆ (ಮುಲುಂಡ್): ಪಾಟನ್‌ನಿಂದ ಹಿತ್ತಾಳೆಯ ತಾರಾ ವಿಗ್ರಹ ತರಬೇಕೆಂದಿದೆ.

ಉತ್ತರ: ತರಬಹುದು. ನೂರು ವರ್ಷ ದಾಟಿದ ವಸ್ತುವನ್ನು ನೇಪಾಳದಿಂದ ಹೊರಗೆ ಒಯ್ಯುವಂತಿಲ್ಲ. ಹೊಸದಕ್ಕೇ ಹಳೆಯ ಬಣ್ಣ ಬರಿಸಿ ಮಾರುವುದರಿಂದ ವಿಮಾನ ನಿಲ್ದಾಣದಲ್ಲಿ ಅನುಮಾನ ಬರುತ್ತದೆ. ಹಳತಾಗಿ ಕಾಣುವ ವಿಗ್ರಹಕ್ಕೆ ಪುರಾತತ್ವ ಇಲಾಖೆಯ ಪ್ರಮಾಣಪತ್ರವನ್ನು ಅಂಗಡಿಯವರಿಂದಲೇ ಮಾಡಿಸಿಕೊಳ್ಳಿ. ಹೊರಡುವ ಹಿಂದಿನ ಸಂಜೆ ಕೊಂಡರೆ ಅದಕ್ಕೆ ಹೊತ್ತು ಸಿಗದು. ಥಂಕಾ, ಅಂದರೆ ಬಟ್ಟೆಯ ಮೇಲಿನ ಬೌದ್ಧ ಚಿತ್ರವನ್ನು ಕೈಯಲ್ಲಿ ಬರೆದದ್ದು ಎಂದರೆ ಮೊಬೈಲ್ ಕ್ಯಾಮೆರಾ ಹಿಗ್ಗಿಸಿ ನೋಡಿ. ಅಚ್ಚಾದದ್ದರಲ್ಲಿ ಬಣ್ಣದ ಚುಕ್ಕಿಗಳು ಕಾಣುತ್ತವೆ, ಬರೆದದ್ದರಲ್ಲಿ ಕುಂಚದ ಗೆರೆ. ಖುಕುರಿ (ಬಾಗಿದ ನೇಪಾಳಿ ಕತ್ತಿ) ಕೊಂಡರೆ ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಪೆಟ್ಟಿಗೆಗೆ ಹಾಕಿ.